ಕ್ಯಾನ್ವಾ ಸಾಕಾ, ಕೋರಲ್ ಬೇಕಾ?

ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆಯಲ್ಲಿ ಇಪ್ಪತ್ತು ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡು, ಕೋರಲ್ ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನಿಂದಲೇ ಹೊಟ್ಟೆ ಹೊರೆದವನು ನಾನು. ಆದರೂ ಇದನ್ನು ಓದುತ್ತಿರುವ ಬಹಳಷ್ಟು ಜನಕ್ಕೆ ಕೋರಲ್ ಬೇಕಾಗಿಲ್ಲ, ಮೊಬೈಲಿನಲ್ಲೇ ಡಿಸೈನ್ ಮಾಡಬಹುದಾದ ಕ್ಯಾನ್ವಾ ಸಾಕು. ಫೋಟೋ ತಿದ್ದುವ ಫೋಟೋಶಾಪ್ ಅಂತೂ ಬೇಡವೇ ಬೇಡ. ಈ ಮಾತು ಕೇಳಿ ಪಕ್ಕದ ಜೆರಾಕ್ಸ್ ಅಂಗಡಿಯ ಗೆಳೆಯ, "ನಿನ್ನ ಅನ್ನಕ್ಕ ನೀನೇ ಮಣ್ಣು ಹಾಕ್ಕೊಳ್ಳಾಕ ಹತ್ತೀಯಲ್ಲೋ" ಎಂದ. ಹಾಗೇನೂ ಆಗಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುವವರಿಗೆಲ್ಲ ನಾನು ತಿರುಗಿ ಒಂದೇ ಪ್ರಶ್ನೆ ಕೇಳುತ್ತೇನೆ. ನೀವು ಮಾಡುವ ಡಿಸೈನ್ ಕೊನೆಗೆ ಎಲ್ಲಿಗೆ ಹೋಗುತ್ತದೆ? ಮೊಬೈಲ್ ಪರದೆಗಾ, ಪ್ರಿಂಟಿನ ಶಾಯಿಗಾ, ಸ್ಟಿಕ್ಕರ್ ಕತ್ತರಿಸುವ ಬ್ಲೇಡಿಗಾ? ಉತ್ತರ ಅದರಲ್ಲೇ ಇದೆ.

ಮೊಬೈಲಿಗೆ ಹೋಗುವುದಾದರೆ

ಇದರಲ್ಲಿ ಯೋಚನೆ ಮಾಡುವುದೇ ಬೇಡ. ವಾಟ್ಸಾಪ್ ಸ್ಟೇಟಸ್, ಇನ್‌ಸ್ಟಾಗ್ರಾಂ ಪೋಸ್ಟ್, ಮನೆಯಲ್ಲಿ ಚಟ್ನಿಪುಡಿ ಮಾಡಿ ಮಾರುವವರ ದರಪಟ್ಟಿ, ಟ್ಯೂಷನ್ ಜಾಹೀರಾತು, ಗೃಹಪ್ರವೇಶದ ಆಮಂತ್ರಣ, ಎಲ್ಲದಕ್ಕೂ ಕ್ಯಾನ್ವಾ ಸಾಕು. ಫೋಟೋಶಾಪ್ ಮಾಡುವ ಅಡೋಬಿಯವರದೇ ಸುಲಭದ ಸಾಧನ ಅಡೋಬಿ ಎಕ್ಸ್‌ಪ್ರೆಸ್ ಕೂಡ ಇದೆ. ಎರಡೂ ಬ್ರೌಸರಿನಲ್ಲಿ, ಮೊಬೈಲಿನಲ್ಲಿ ನಡೆಯುತ್ತವೆ. ಎರಡರಲ್ಲೂ ಬಿಟ್ಟಿ ಖಾತೆ ಸಿಗುತ್ತದೆ. ನನ್ನ ಕೈಗೆ ಕ್ಯಾನ್ವಾ ಒಗ್ಗಿದೆ, ಹಾಗಾಗಿ ಅದರ ಬಗ್ಗೆಯೇ ಜಾಸ್ತಿ ಹೇಳುತ್ತೇನೆ.

ಆಸ್ಟ್ರೇಲಿಯಾದಲ್ಲಿ 2013ರಲ್ಲಿ ಶುರುವಾದದ್ದು ಕ್ಯಾನ್ವಾ. ಅಳತೆ ಮೊದಲೇ ಸಿದ್ಧ ಇರುತ್ತದೆ, ಮಾದರಿಗಳು ಸಿದ್ಧ ಇರುತ್ತವೆ. ಹೆಸರು, ಫೋಟೋ ಬದಲಿಸಿದರೆ ಮುಗಿಯಿತು. ಬಿಟ್ಟಿ ಖಾತೆಯಲ್ಲಿ ಕೆಲವು ಬಾಗಿಲು ಮುಚ್ಚಿರುತ್ತವೆ. ಫೋಟೋದ ಹಿನ್ನೆಲೆ ಒಂದೇ ಒತ್ತಿಗೆ ತೆಗೆಯುವುದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಇಳಿಸುವುದು, ಒಂದು ಡಿಸೈನನ್ನು ಬೇರೆ ಅಳತೆಗೆ ತಾನಾಗೇ ಬದಲಿಸುವುದು, ನಿಮ್ಮದೇ ಫಾಂಟ್ ಹಾಕುವುದು, ಇವಕ್ಕೆಲ್ಲ ದುಡ್ಡು ಕಟ್ಟುವ 'ಪ್ರೋ' ಖಾತೆ ಬೇಕು. ಕಿರೀಟದ ಗುರುತಿರುವ ಚಿತ್ರ ಮುಟ್ಟಿದರೆ ದುಡ್ಡು ಕೇಳುತ್ತದೆ. ಮುಟ್ಟಬೇಡಿ, ಅಷ್ಟೇ. ಸರ್ಕಾರಿ ಶಾಲೆಯ ಮೇಷ್ಟ್ರು ಒಬ್ಬರು ನನ್ನ ಹತ್ತಿರ ಪ್ರೋ ತೆಗೆದುಕೊಳ್ಳಲಾ ಎಂದು ಕೇಳಿದ್ದರು. ಶಾಲಾ ಶಿಕ್ಷಕರಿಗೆ ಕ್ಯಾನ್ವಾದ ಶಿಕ್ಷಣ ಖಾತೆ ಬಿಟ್ಟಿಯಾಗಿ ಸಿಗುತ್ತದೆ, ಕೆಲಸದ ದಾಖಲೆ ತೋರಿಸಿ ಅರ್ಜಿ ಹಾಕಿ ಎಂದೆ.

ಇಷ್ಟಕ್ಕೆ ಫೋಟೋಶಾಪ್ ಕಲಿಯಲು ಹೊರಡುವುದು, ಮಂಡಕ್ಕಿ ಕಲಸೋಕೆ ಮದುವೆ ಮನೆಯ ಕೊಪ್ಪರಿಗೆ ತಂದ ಹಾಗೆ.

ಫ್ಲೆಕ್ಸಿಗೆ ಹೋಗುವುದಾದರೆ

ಇಲ್ಲಿ ಸ್ವಲ್ಪ ನಿಲ್ಲಬೇಕು. ವಿದ್ಯಾನಗರದ ಕಡೆ ಜ್ಯೂಸ್ ಅಂಗಡಿ ತೆರೆಯುತ್ತಿದ್ದ ಹುಡುಗನೊಬ್ಬ ಬಂದಿದ್ದ. ಮೊಬೈಲ್ ಮುಂದೆ ಹಿಡಿದ. "ಅಣ್ಣಾ, ಡಿಸೈನ್ ರೆಡಿ ಐತಿ. ಹತ್ತು-ಆರರ ಫ್ಲೆಕ್ಸ್ ಹೊಡೆದು ಕೊಡ್ರಿ." ನೋಡಿದೆ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿತ್ತು. ಹಣ್ಣಿನ ಫೋಟೋ, ಬಣ್ಣ, ಜಾಗ ಬಿಟ್ಟಿದ್ದ ರೀತಿ, ಎಲ್ಲ ಕಣ್ಣಿಗೆ ಹಿತವಾಗಿತ್ತು. ಫೈಲ್ ಎಲ್ಲಿ ಎಂದೆ. "ಸ್ಕ್ರೀನ್‌ಶಾಟ್ ತೆಗೆದು ನಿಮಗ ವಾಟ್ಸಾಪ್ ಮಾಡೀನಲ್ರೀ" ಎಂದ.

ಒಂದು ಲೆಕ್ಕ ನೋಡಿ. ಹತ್ತು ಅಡಿ ಅಂದರೆ 120 ಇಂಚು. ಅವನು ಕಳಿಸಿದ ಚಿತ್ರದ ಅಗಲ 1080 ಪಿಕ್ಸೆಲ್, ಅಂದರೆ ಅಷ್ಟು ಚುಕ್ಕೆ. ಭಾಗಿಸಿದರೆ ಒಂದು ಇಂಚಿಗೆ ಬರೀ 9 ಚುಕ್ಕೆ. ಒಂದೊಂದು ಚುಕ್ಕೆಯೂ ಸಾಸಿವೆಗಿಂತ ದೊಡ್ಡದಾಗಿ, ತೊಗರಿಬೇಳೆಗಿಂತ ಒಂಚೂರು ಚಿಕ್ಕದಾಗಿ ಕಾಣುತ್ತದೆ. ಫ್ಲೆಕ್ಸನ್ನು ದೂರದಿಂದ ನೋಡುವುದರಿಂದ ಇಂಚಿಗೆ 72 ಚುಕ್ಕೆ ಇದ್ದರೆ ಧಾರಾಳ ಸಾಕು. ಆ ಲೆಕ್ಕಕ್ಕೆ 8640 ಪಿಕ್ಸೆಲ್ ಅಗಲ ಬೇಕು. ಅದೇ 1080 ಪಿಕ್ಸೆಲ್ ಚಿತ್ರವನ್ನು ಮೂರೂವರೆ ಇಂಚಿನ ವಿಸಿಟಿಂಗ್ ಕಾರ್ಡಿಗೆ ಹಾಕಿ. ಇಂಚಿಗೆ 300ಕ್ಕೂ ಮೇಲೆ ಚುಕ್ಕೆ ಬೀಳುತ್ತವೆ, ಕಾರ್ಡ್ ಸೊಗಸಾಗಿ ಬರುತ್ತದೆ. ಚಿತ್ರ ಒಂದೇ. ಹೋಗುವ ಜಾಗ ಬೇರೆ.

ಹಾಗಂತ ಆ ಹುಡುಗ ಕ್ಯಾನ್ವಾ ಬಿಡಬೇಕಾ? ಬೇಡ. ಸ್ಕ್ರೀನ್‌ಶಾಟ್ ಬಿಟ್ಟರೆ ಸಾಕು. ಡಿಸೈನನ್ನು ಹತ್ತು-ಆರರ ಪ್ರಮಾಣದಲ್ಲೇ ಚಿಕ್ಕದಾಗಿ ಮಾಡಿ, ಉದಾಹರಣೆಗೆ 20 ಇಂಚಿಗೆ 12 ಇಂಚು. ಡೌನ್‌ಲೋಡ್ ಮಾಡುವಾಗ 'ಪಿಡಿಎಫ್ ಪ್ರಿಂಟ್' ಆರಿಸಿ. ಪಿಡಿಎಫ್‌ನಲ್ಲಿ ಅಕ್ಷರಗಳು ಚುಕ್ಕೆಯಾಗಿ ಒಡೆಯದೆ ಗೆರೆಯಾಗಿಯೇ ಉಳಿಯುತ್ತವೆ. ನಾವು ಎಷ್ಟು ದೊಡ್ಡದು ಮಾಡಿದರೂ ಅಂಚು ಚೂಪಾಗಿರುತ್ತದೆ. ಫೋಟೋ ಮಾತ್ರ ಮೊದಲೇ ದೊಡ್ಡದಿರಬೇಕು. ಇನ್ನು ಕಳಿಸುವಾಗ ವಾಟ್ಸಾಪ್‌ನಲ್ಲಿ ಫೋಟೋ ಎಂದು ಕಳಿಸಬೇಡಿ, ಡಾಕ್ಯುಮೆಂಟ್ ಎಂದು ಕಳಿಸಿ. ಫೋಟೋ ಎಂದು ಕಳಿಸಿದರೆ ವಾಟ್ಸಾಪ್ ಅದನ್ನು ಹಿಂಡಿ ಸಿಪ್ಪೆ ಮಾಡಿ ಕೊಡುತ್ತದೆ. ಈ ಒಂದು ಮಾತನ್ನು ಎರಡು ವರ್ಷಕ್ಕೊಮ್ಮೆ ಬರುವ ದುಗ್ಗಮ್ಮನ ಜಾತ್ರೆ ಹೊತ್ತಿನಲ್ಲಿ ದಿನಕ್ಕೆ ಎಷ್ಟು ಸಲ ಹೇಳುತ್ತೇನೋ, ಲೆಕ್ಕ ಇಟ್ಟಿಲ್ಲ.

ಕನ್ನಡ ಅಕ್ಷರದ ತಾಪತ್ರಯ

ಇಂಗ್ಲಿಷಿನಲ್ಲಿ ಡಿಸೈನ್ ಮಾಡುವವರಿಗೆ ಇಲ್ಲದ ತಲೆನೋವು ನಮಗೆ ಇದೆ. ಸಾಧನ ಆರಿಸುವಾಗ ನಾನು ಎಲ್ಲಕ್ಕಿಂತ ಮೊದಲು ನೋಡುವುದು ಇದನ್ನೇ.

ಹಳೇ ಅಂಗಡಿಗಳಲ್ಲಿ ಈಗಲೂ ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಅಕ್ಷರಗಳಲ್ಲಿ ಕೋರಲ್ ಕೆಲಸ ನಡೆಯುತ್ತದೆ. ನುಡಿ, ಬರಹ ಬಂದ ಕಾಲಕ್ಕೆ ಅವು ದೊಡ್ಡ ಉಪಕಾರ. ಆದರೆ ಆ ಹಳೇ ಫಾಂಟ್‌ಗಳ ಒಳಗುಟ್ಟು ಏನೆಂದರೆ, ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಫೈಲ್ ತೆರೆದರೆ 'ಕನ್ನಡ' ಎಂಬ ಪದದ ನಡುವೆ ಪೌಂಡ್ ಗುರುತು ಬಂದು ಕೂತಿರುತ್ತದೆ. ಗ್ರಾಹಕರು ಮೊಬೈಲಿನಲ್ಲಿ ಕಳಿಸುವುದು ಯೂನಿಕೋಡ್ ಕನ್ನಡ, ಅಂದರೆ ಕನ್ನಡ ಅಕ್ಷರಕ್ಕೆ ತನ್ನದೇ ಮನೆ ಇರುವ ಬರಹ. ಅದನ್ನು ನುಡಿ ಫಾಂಟಿಗೆ ಸುಮ್ನೆ ಅಂಟಿಸಿದರೆ ಆಗುವುದಿಲ್ಲ. ಪರಿವರ್ತಕದಲ್ಲಿ ಹಾಕಬೇಕು, ಆಮೇಲೆ ಒತ್ತಕ್ಷರ ಒಂದೊಂದೇ ತಿದ್ದಬೇಕು. ಕ್ಯಾನ್ವಾದಲ್ಲಿ ಈ ಜಂಜಾಟವೇ ಇಲ್ಲ. ವಾಟ್ಸಾಪ್‌ನಿಂದ ಎತ್ತಿ ಅಂಟಿಸಿದರೆ ಹಾಗೇ ಬಂದು ಕೂರುತ್ತದೆ.

ಇನ್ನೊಂದು ಕಥೆ ನನ್ನದೇ ತಪ್ಪಿನದು. ಹಳೇ ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಟೈಪ್ ಮಾಡಿದರೆ ಒತ್ತು ಕೆಳಗೆ ಇಳಿಯುತ್ತಿರಲಿಲ್ಲ, ಪಕ್ಕದಲ್ಲೇ ನಿಲ್ಲುತ್ತಿತ್ತು. ಒಂದು ಮನೆಯವರಿಗೆ ರಾತ್ರೋರಾತ್ರಿ 'ಭಾವಪೂರ್ಣ ಶ್ರದ್ಧಾಂಜಲಿ' ಬ್ಯಾನರ್ ಮಾಡಿಕೊಟ್ಟೆ. ಅವಸರದಲ್ಲಿ ಫೋಟೋ ಸರಿ ಇದೆಯಾ ನೋಡಿದೆ, ತಾರೀಖು ನೋಡಿದೆ. 'ದ್ಧಾ' ಒಡೆದು ಎರಡಾಗಿದ್ದನ್ನು ನೋಡಲಿಲ್ಲ. ಬೆಳಿಗ್ಗೆ ಮನೆಮುಂದೆ ಕಟ್ಟಿದ ಮೇಲೆ ತೀರಿಕೊಂಡವರ ಮಗ ಫೋನ್ ಮಾಡಿದರು. ಬೈಯಲಿಲ್ಲ. "ಅಪ್ಪ ಕನ್ನಡ ಮೇಷ್ಟ್ರು ಆಗಿದ್ರು" ಎಂದಷ್ಟೇ ಹೇಳಿದರು. ಬೇರೆ ಪ್ರಿಂಟ್ ತೆಗೆದುಕೊಂಡು ನಾನೇ ಹೋಗಿ ಕಟ್ಟಿಬಂದೆ.

ಈಗಿನ ಫೋಟೋಶಾಪ್‌ನಲ್ಲಿ ಇದಕ್ಕೆ ಪರಿಹಾರ ಇದೆ. ಪ್ರಿಫರೆನ್ಸಸ್ ಒಳಗೆ ಟೈಪ್ ಎಂಬಲ್ಲಿ ಹೋಗಿ 'ವರ್ಲ್ಡ್ ರೆಡಿ' ಅಥವಾ 'ಸೌತ್ ಏಷ್ಯನ್' ಎಂದಿರುವುದನ್ನು ಆರಿಸಬೇಕು, ಹೆಸರು ಆವೃತ್ತಿಗೆ ತಕ್ಕಂತೆ ಇರುತ್ತದೆ. ಗೊತ್ತಿಲ್ಲದವರು ಈಗಲೂ ಒಡೆದ ಅಕ್ಷರಗಳನ್ನೇ ಊರಿಗೆಲ್ಲ ಹಂಚುತ್ತಿದ್ದಾರೆ. ಬ್ರೌಸರ್ ಒಳಗೆ ಓಡುವ ಕ್ಯಾನ್ವಾದಲ್ಲಿ ಯಾವ ಸೆಟ್ಟಿಂಗ್ ಮುಟ್ಟದೆಯೂ ಒತ್ತು ಸರಿಯಾಗಿ ಬೀಳುತ್ತದೆ. ದುಬಾರಿ ಸಾಫ್ಟ್‌ವೇರ್ ಎಡವಿದ ಕಡೆ ಬಿಟ್ಟಿಯದು ಗೆದ್ದಿತು ಅಲ್ವಾ? ಒಪ್ಪಿಕೊಳ್ಳುವುದಕ್ಕೆ ನನಗೆ ಸ್ವಲ್ಪ ಕಾಲ ಬೇಕಾಯಿತು.

ಸುಲಭದ ಸಾಧನದಲ್ಲೂ ಎಡವಿ ಬೀಳುವ ಎರಡು ಜಾಗಗಳಿವೆ. ಒಂದು, ಅಲ್ಲಿನ ಚೆಂದದ ಮಾದರಿಗಳಲ್ಲಿ ಹೆಚ್ಚಿನವನ್ನು ಇಂಗ್ಲಿಷ್ ಅಕ್ಷರಕ್ಕೆ ಲೆಕ್ಕ ಹಾಕಿ ಮಾಡಿರುತ್ತಾರೆ. ಅಳಿಸಿ ಕನ್ನಡ ಬರೆದ ಕೂಡಲೇ ಆ ಸೊಬಗಿನ ಫಾಂಟ್ ಮಾಯವಾಗಿ, ಯಾವುದೋ ಸಪ್ಪೆ ಅಕ್ಷರ ಬರುತ್ತದೆ. ಆ ಫಾಂಟ್‌ನಲ್ಲಿ ಕನ್ನಡವೇ ಇರುವುದಿಲ್ಲ. ಕನ್ನಡ ಇರುವ ಫಾಂಟನ್ನು ನೀವೇ ಆರಿಸಬೇಕು. 'ಬಾಲೂ ತಮ್ಮ' ಎಂಬ ಫಾಂಟ್ ದಪ್ಪಗೆ, ದುಂಡಗೆ ಇದೆ, ಅಂಗಡಿ ಬೋರ್ಡಿಗೆ ಚೆನ್ನ. ಅನೇಕ್ ಕನ್ನಡದಲ್ಲಿ ತೆಳುವಿನಿಂದ ದಪ್ಪದವರೆಗೆ ಎಲ್ಲ ತೂಕ ಸಿಗುತ್ತದೆ. ಓದುವ ಬರಹಕ್ಕೆ ನೋಟೋ ಸೆರಿಫ್ ಕನ್ನಡ, ಟಿರೋ ಕನ್ನಡ. ಗೂಗಲ್ ಫಾಂಟ್ಸ್‌ನಲ್ಲಿ ಹುಬ್ಬಳ್ಳಿ ಅಂತ ಒಂದಿದೆ, ಬೆಣ್ಣೆ ಅಂತಲೂ ಒಂದಿದೆ. ದಾವಣಗೆರೆಯವನಾಗಿ ಬೆಣ್ಣೆಯನ್ನು ನಮ್ಮ ಲೆಕ್ಕಕ್ಕೇ ಹಿಡಿದುಕೊಂಡಿದ್ದೇನೆ. ಇವನ್ನೆಲ್ಲ ವ್ಯಾಪಾರಕ್ಕೂ ಬಿಟ್ಟಿಯಾಗಿ ಬಳಸಬಹುದು. ಕ್ಯಾನ್ವಾದಲ್ಲಿ ಇವೆಲ್ಲವೂ ಇರಬೇಕೆಂದಿಲ್ಲ, ಇದ್ದದ್ದರಲ್ಲಿ ಆರಿಸಿ.

ಎರಡನೆಯದು ಸಾಲುಗಳ ನಡುವಿನ ಅಂತರ. ಇಂಗ್ಲಿಷಿಗೆ ಸಾಲು ಒತ್ತೊತ್ತಾಗಿದ್ದರೂ ನಡೆಯುತ್ತದೆ. ನಮ್ಮದು ಹಾಗಲ್ಲ. ಮೇಲಿನ ಸಾಲಿನ ಒತ್ತಕ್ಷರ ಇಳಿದು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕೂರುತ್ತದೆ. ಅಂತರವನ್ನು 1.4ಕ್ಕೋ 1.5ಕ್ಕೋ ಏರಿಸಿ. ಅಕ್ಷರ-ಅಕ್ಷರದ ನಡುವಿನ ಅಂತರವನ್ನು ಮಾತ್ರ ಸೊನ್ನೆಯಲ್ಲೇ ಬಿಡಿ. ಇನ್ನು ಎಐ ಬರೆದುಕೊಡುವ ಚಿತ್ರದೊಳಗಿನ ಕನ್ನಡವನ್ನು ಕಣ್ಣು ಮುಚ್ಚಿ ನಂಬಬೇಡಿ. ಚಿತ್ರ ಮಾತ್ರ ಅದರಿಂದ ತೆಗೆದುಕೊಂಡು, ಅಕ್ಷರ ನೀವೇ ಟೈಪ್ ಮಾಡಿ.

ಯಾವ ಸಾಧನವೇ ಇರಲಿ, ಮೊದಲ ದಿನ 'ಸ್ತ್ರೀ', 'ಶ್ರದ್ಧೆ', 'ಸೂರ್ಯ', 'ವೈಶಿಷ್ಟ್ಯ' ಈ ನಾಲ್ಕು ಪದ ಟೈಪ್ ಮಾಡಿ ನೋಡಿ. ನಾಲ್ಕೂ ನೆಟ್ಟಗೆ ಬಂದರೆ ಮುಂದಿನ ಮಾತು.

ಶಾಯಿಗೆ, ಬ್ಲೇಡಿಗೆ ಹೋಗುವುದಾದರೆ

ಇಲ್ಲಿ ನಮ್ಮ ಕೋರಲ್ ಮೀಸೆ ತಿರುವುತ್ತದೆ. 1989ರಲ್ಲಿ ಬಂದ ಸಾಫ್ಟ್‌ವೇರ್ ಇವತ್ತಿಗೂ ನಮ್ಮೂರಿನ ಪ್ರೆಸ್‌ಗಳಲ್ಲಿ ಕೂತಿರುವುದು ಸುಮ್ಮನೆ ಅಭ್ಯಾಸದಿಂದಲ್ಲ.

ಆಫ್‌ಸೆಟ್ ಪ್ರೆಸ್ಸಿನಲ್ಲಿ ನಾಲ್ಕು ಶಾಯಿ ಇರುತ್ತದೆ. ನೀಲಿ, ಗುಲಾಬಿ, ಹಳದಿ, ಕಪ್ಪು. ಮೊಬೈಲ್ ಪರದೆ ಬೆಳಕಿನಿಂದ ಬಣ್ಣ ಮಾಡುತ್ತದೆ. ಹಾಗಾಗಿ ಪರದೆಯಲ್ಲಿ ಮಿಂಚುವ ಗಿಳಿಹಸಿರು ಕಾಗದಕ್ಕೆ ಬರುವ ಹೊತ್ತಿಗೆ ಪಾಲಕ್ ಪಲ್ಯ ಆಗಿರುತ್ತದೆ. ಕ್ಯಾನ್ವಾ ಪ್ರೋನಲ್ಲಿ ಸಿಎಂವೈಕೆ, ಅಂದರೆ ಈ ನಾಲ್ಕು ಶಾಯಿಯ ಲೆಕ್ಕದ ಪಿಡಿಎಫ್ ಸಿಗುತ್ತದೆ, ಬಿಟ್ಟಿ ಖಾತೆಯಲ್ಲಿ ಇಲ್ಲ. ಅದಕ್ಕಿಂತ ಸೂಕ್ಷ್ಮ ಕಪ್ಪಿನದು. ಪರದೆಯ ಕಪ್ಪು ಪ್ರೆಸ್ಸಿಗೆ ಬದಲಾಗುವಾಗ ಸಾಮಾನ್ಯವಾಗಿ ನಾಲ್ಕೂ ಶಾಯಿಯ ಮಿಶ್ರಣ ಆಗಿಬಿಡುತ್ತದೆ. ಚಿಕ್ಕ ಅಕ್ಷರದ ಮೇಲೆ ನಾಲ್ಕು ಶಾಯಿ ಒಂದರ ಮೇಲೊಂದು ಕೂದಲೆಳೆಯೂ ಸರಿಯದೆ ಕೂರಬೇಕು. ಸ್ವಲ್ಪ ಸರಿದರೂ ಅಕ್ಷರಕ್ಕೆ ಬಣ್ಣದ ನೆರಳು ಬೀಳುತ್ತದೆ, ಒತ್ತಕ್ಷರದ ಹೊಟ್ಟೆ ತುಂಬಿಹೋಗುತ್ತದೆ. ಕೋರಲ್‌ನಲ್ಲಿ ಬರೀ ಕಪ್ಪು ಶಾಯಿ ನೂರಕ್ಕೆ ನೂರು ಎಂದು ನಾವೇ ಹೇಳುತ್ತೇವೆ. ಪಾಂಪ್ಲೆಟ್‌ನ ಸಣ್ಣ ಅಕ್ಷರ ಚೂಪಾಗಿ ಬರುವುದು ಇದರಿಂದ.

ಲಗ್ನಪತ್ರಿಕೆಯ ಸ್ಕ್ರೀನ್ ಪ್ರಿಂಟಿಂಗ್ ಇನ್ನೂ ಬೇರೆ. ಅಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಕಪ್ಪು ಫಿಲಂ ಬೇಕು. ಚಿನ್ನದ ಬಣ್ಣಕ್ಕೆ ಒಂದು, ಕೆಂಪಿಗೆ ಒಂದು. ಇದನ್ನು ಕ್ಯಾನ್ವಾದಲ್ಲಿ ಮಾಡಲು ಹೋಗುವುದು ಹಟ. ಈಗ ನಮ್ಮ ಕಡೆ ಮದುವೆ ಮನೆಯವರು ಒಳ್ಳೆಯ ದಾರಿ ಕಂಡುಕೊಂಡಿದ್ದಾರೆ. ಮೊಬೈಲಿಗೆ ಕಳಿಸುವ ಪತ್ರಿಕೆ ಮನೆಯ ಮಗಳೇ ಕ್ಯಾನ್ವಾದಲ್ಲಿ ಮಾಡುತ್ತಾಳೆ. ಅರಿಶಿನ-ಕುಂಕುಮ ಹಚ್ಚಿ ಮನೆಮನೆಗೆ ಕೊಡುವ ಕಾರ್ಡಿಗೆ ನಮ್ಮ ಹತ್ತಿರ ಬರುತ್ತಾರೆ. ಮೊದಲು ಐನೂರು ಹಾಕಿಸುತ್ತಿದ್ದವರು ಈಗ ಇನ್ನೂರು ಹಾಕಿಸುತ್ತಾರೆ, ಆ ಮಾತು ಬೇರೆ.

ಆಮೇಲೆ ರೇಡಿಯಂ ಸ್ಟಿಕ್ಕರ್ ಕಟಿಂಗ್. ಆಟೋ ಹಿಂದಿನ ಹೆಸರು, ಅಂಗಡಿಯ ಗಾಜಿನ ಮೇಲಿನ ಅಕ್ಷರ. ಕತ್ತರಿಸುವ ಯಂತ್ರದ ಬ್ಲೇಡಿಗೆ ಗೆರೆ ಬೇಕು, ಗೆರೆಯ ಮೇಲೆಯೇ ಅದು ಓಡುತ್ತದೆ. ಚುಕ್ಕೆಗಳಿಂದಾದ ಜೆಪಿಜಿ ಚಿತ್ರ ಕೊಟ್ಟರೆ ಅದರಲ್ಲಿ ಗೆರೆ ಎಲ್ಲಿರುತ್ತದೆ? ನಾವು ಕೂತು ಅದನ್ನು ಮತ್ತೆ ಬರೆಯಬೇಕು, ಅದಕ್ಕೆ ಬೇರೆ ದುಡ್ಡು.

ಲೋಗೋ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಕ್ಯಾನ್ವಾದ ಸಿದ್ಧ ಲೋಗೋ ನಿಮ್ಮೊಬ್ಬರದಲ್ಲ, ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಅವರ ಸಂಗ್ರಹದ ಚಿತ್ರ ಹಾಕಿ ಮಾಡಿದ್ದನ್ನು ಟ್ರೇಡ್‌ಮಾರ್ಕ್ ಮಾಡಿಸಲು ಅವರ ನಿಯಮ ಬಿಡುವುದಿಲ್ಲ. ನಾಳೆ ಚನ್ನಗಿರಿಯ ಅಡಿಕೆ ಪ್ಯಾಕೆಟ್ ಮೇಲೂ ಹರಿಹರದ ಸೋಪಿನ ಮೇಲೂ ಒಂದೇ ಎಲೆ ಕಂಡರೆ ಯಾರನ್ನೂ ಬೈಯುವಂತಿಲ್ಲ. ಲೋಗೋಗೆ ಒಂದು ಸಲ ದುಡ್ಡು ಕೊಟ್ಟು ಬರೆಸಿ, ಗೆರೆಯ ಫೈಲ್ ಕೇಳಿ ಇಟ್ಟುಕೊಳ್ಳಿ.

ದುಡ್ಡು, ಕಂಪ್ಯೂಟರ್, ಇತ್ಯಾದಿ

2013ರಿಂದ ಈಚೆಗೆ ಅಡೋಬಿಯವರು ಹೊಸ ಫೋಟೋಶಾಪ್ ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಕಟ್ಟುವುದು ನಿಲ್ಲಿಸಿದರೆ ಬಾಗಿಲು ಮುಚ್ಚುತ್ತದೆ. ಕೋರಲ್ ಬಾಡಿಗೆಗೂ ಸಿಗುತ್ತದೆ, ಒಮ್ಮೆಗೇ ಕೊಂಡುಕೊಳ್ಳಲೂ ಬರುತ್ತದೆ. ಎರಡಕ್ಕೂ ಗಟ್ಟಿ ಕಂಪ್ಯೂಟರ್ ಬೇಕು. ಕ್ಯಾನ್ವಾಗೆ ನೆಟ್ ಬೇಕು. ನೆಟ್ ಇಲ್ಲ ಅಂದರೆ ಹೆಚ್ಚಿನ ಕೆಲಸಕ್ಕೆ ಕೈ ಕಟ್ಟಿ ಕೂರಬೇಕು.

ಕ್ರ್ಯಾಕ್, ಅಂದರೆ ದುಡ್ಡು ಕೊಡದ ಕಳ್ಳ ಪ್ರತಿ ಹಾಕಿಸಿಕೊಳ್ಳುವ ಆಸೆ ಎಲ್ಲರಿಗೂ ಇರುತ್ತದೆ. ನಾನೂ ಹಾಕಿಸಿದ್ದೆ. ಅದರ ಜೊತೆ ಬಂದ ವೈರಸ್ ಒಂದು ಯುಗಾದಿ ಮುಂಚೆ ನನ್ನ ಫೈಲ್‌ಗಳಿಗೆಲ್ಲ ಬೀಗ ಹಾಕಿತು. ಆ ವರ್ಷದ ಕ್ಯಾಲೆಂಡರ್ ಕೆಲಸ ಎಲ್ಲ ಮೊದಲಿಂದ ಮಾಡಿದೆ. ಅದಾದ ಮೇಲೆ ದುಡ್ಡು ಕೊಟ್ಟೇ ತಂದೆ.

ಕಾಸು ಖರ್ಚಿಲ್ಲದೆ ದೊಡ್ಡ ಕೆಲಸ ಮಾಡಲು ನಡುವಿನ ದಾರಿಗಳೂ ಇವೆ. ಗೆರೆಯ ಕೆಲಸಕ್ಕೆ ಇಂಕ್‌ಸ್ಕೇಪ್, ಫೋಟೋಗೆ ಗಿಂಪ್. ಎರಡೂ ಬಿಟ್ಟಿ, ಎರಡರಲ್ಲೂ ಯೂನಿಕೋಡ್ ಕನ್ನಡ ಸರಿಯಾಗಿ ಬರುತ್ತದೆ. ಇಂಕ್‌ಸ್ಕೇಪ್ ಪ್ರೆಸ್ಸಿನ ನಾಲ್ಕು ಬಣ್ಣದ ವಿಷಯದಲ್ಲಿ ಮಾತ್ರ ಮೆತ್ತಗೆ. ಯಾರಾದರೂ ಫೋಟೋಶಾಪ್‌ನ ಪಿಎಸ್‌ಡಿ ಫೈಲ್ ಕಳಿಸಿದರೆ ಬ್ರೌಸರಿನಲ್ಲೇ ಫೋಟೋಪಿಯಾದಲ್ಲಿ ತೆರೆಯಬಹುದು. ಅಫಿನಿಟಿ ಎಂಬ ಸಾಫ್ಟ್‌ವೇರನ್ನು ಕ್ಯಾನ್ವಾದವರು 2024ರಲ್ಲಿ ಕೊಂಡುಕೊಂಡು, 2025ರ ಅಕ್ಟೋಬರ್‌ನಲ್ಲಿ ಬಿಟ್ಟಿ ಮಾಡಿದರು. ಅದು ದೊಡ್ಡವರ ಸಾಲಿನ ಸಾಧನ. ಆ ನಾಲ್ಕು ಪದದ ಪರೀಕ್ಷೆ ಮಾಡಿ ಶುರು ಮಾಡಿ.

ಪದವಿ ಮುಗಿಸಿ ಕೆಲಸ ಹುಡುಕುತ್ತಿರುವ ಹುಡುಗ ಹುಡುಗಿಯರು ಕೇಳುತ್ತಾರೆ, "ಅಂಕಲ್, ನಾವು ಯಾವುದು ಕಲಿಯೋಣ?" ಪ್ರೆಸ್ಸಿನಲ್ಲೋ ಫ್ಲೆಕ್ಸ್ ಅಂಗಡಿಯಲ್ಲೋ ಸಂಬಳಕ್ಕೆ ಸೇರುವವರು ಕೋರಲ್ ಕಲಿಯದೆ ಆಗುವುದಿಲ್ಲ. ಹಳೇ ಆವೃತ್ತಿಯಲ್ಲಿ ಹೊಸದರ ಫೈಲ್ ತೆರೆಯುವುದಿಲ್ಲ ಎಂಬಂಥ ಸಣ್ಣ ಸಂಗತಿಯಿಂದ ಹಿಡಿದು ಎಲ್ಲ ಅಲ್ಲೇ ಕಲಿಯಬೇಕು. ಅಂಗಡಿಗಳ ಸೋಷಿಯಲ್ ಮೀಡಿಯಾ ನೋಡಿಕೊಂಡು ಮನೆಯಿಂದಲೇ ದುಡಿಯುವವರು ಕ್ಯಾನ್ವಾದಲ್ಲಿ ಕೈ ಚುರುಕು ಮಾಡಿಕೊಳ್ಳಿ. ಅವರಿಗೆ ಕೋರಲ್ ಕ್ಲಾಸಿನ ಫೀಸು ದಂಡ.

ಜ್ಯೂಸ್ ಅಂಗಡಿಯ ಹುಡುಗ ಮಾರನೇ ದಿನ ಪಿಡಿಎಫ್ ಕಳಿಸಿದ, ಡಾಕ್ಯುಮೆಂಟ್ ಆಗಿಯೇ. ಕೋರಲ್‌ನಲ್ಲಿ ತೆರೆದು, ಹಗ್ಗ ಕಟ್ಟುವ ಕಣ್ಣಿ ಕೂರಿಸಲು ಸುತ್ತ ಸ್ವಲ್ಪ ಜಾಗ ಸೇರಿಸಿ, 'ಶುಭಾರಂಭ'ಕ್ಕೆ ತಾಗುತ್ತಿದ್ದ ಮೇಲಿನ ಸಾಲು ಎತ್ತಿಟ್ಟೆ. ಹತ್ತು ನಿಮಿಷದ ಕೆಲಸ. ಡಿಸೈನ್ ಚಾರ್ಜ್ ಕೇಳಲಿಲ್ಲ, ಅಡಿ ಲೆಕ್ಕದಲ್ಲಿ ಪ್ರಿಂಟಿನ ದುಡ್ಡು ಮಾತ್ರ ತೆಗೆದುಕೊಂಡೆ. ಫ್ಲೆಕ್ಸ್ ಸುತ್ತಿಕೊಂಡು ಹೊರಟವನು ಬಾಗಿಲಲ್ಲಿ ನಿಂತ. "ಅಣ್ಣಾ, ಗಾಜಿನ ಮ್ಯಾಲೆ ಅಂಗಡಿ ಹೆಸರು ಅಂಟಿಸಬೇಕಿತ್ತು. ಅದನ್ನೂ ನಾನೇ ಮೊಬೈಲ್‌ನ್ಯಾಗ ಮಾಡಿ ಕಳಿಸ್ಲೇನು?"

"ಅದು ಬ್ಲೇಡಿಂದು, ಬಿಡು. ನಾ ಮಾಡ್ತೀನಿ" ಎಂದೆ.